ಹದಿನಾರಾಣೆ ನೋವು

"ಕಾಕಾ, ನೋವು ಹತ್ತಕ್ಕೆ ಎಷ್ಟು ಅದ, ಹೇಳ್ರಿ" ಅಂತ ಡಾಕ್ಟರ್ ಮೇಡಂ ಕೇಳಿದರು. ಅಪ್ಪನಿಗೆ ಪ್ರಶ್ನೆ ಅರ್ಥ ಆಗಲಿಲ್ಲ. ನನ್ನ ಮುಖ ನೋಡಿದ. ಮೇಡಂ ಮತ್ತೆ ಬಿಡಿಸಿ ಹೇಳಿದರು. ನೋವೇ ಇಲ್ಲ ಅಂದರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದರೆ ಹತ್ತು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಅರ್ಧ ತೆರೆದ ಬಾಯಲ್ಲೇ, "ಹದಿನಾರಾಣೆ ಅದರಿ" ಅಂದ.

ಮೇಡಂ ಅದನ್ನು ಹಾಗೇ ಫೈಲಿನಲ್ಲಿ ಬರೆದುಕೊಂಡರು. 16 ಆಣೆ. ಹಳೇ ಲೆಕ್ಕದಲ್ಲಿ ಅದು ಪೂರ್ತಿ ಒಂದು ರೂಪಾಯಿ. ಅವತ್ತಿನಿಂದ ಐದು ತಿಂಗಳು ನಮ್ಮ ಮನೆಯಲ್ಲಿ ಅದೇ ಲೆಕ್ಕ ನಡೆಯಿತು. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗಂಟೆ, ಮಾತ್ರೆ, ಆಣೆ ಅಂತ ಮೂರು ಕಾಲಂ ಎಳೆದುಕೊಂಡು ಬರೆದೆ. ಆ ಪುಸ್ತಕ ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಂಥ ಕ್ಯಾನ್ಸರ್ ನೋವು ಇದೆ. ಅದಕ್ಕೆ ಕೊಡುವ ಮಾರ್ಫಿನ್ ಥರದ ಔಷಧದ ಬಗ್ಗೆ ನಾವು ಪಟ್ಟ ಭಯ, ಮಾಡಿದ ತಪ್ಪು ಎರಡೂ ಬೇರೆಯವರಿಗೆ ಗೊತ್ತಾಗಲಿ ಅಂತ ಆಸೆ.

ನಾವು ಕಲಬುರಗಿ ಜಿಲ್ಲೆಯ ಶಹಾಬಾದಿನವರು. ಅಪ್ಪ ಮೂವತ್ತು ವರ್ಷ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವನು. ತಂಬಾಕು ಸುಣ್ಣ ತಿಕ್ಕಿ ಗಲ್ಲದ ಸಂದಿಗೆ ಇಟ್ಟುಕೊಳ್ಳುವುದು ಅವನಿಗೂ ಅವನ ಜೊತೆಗಾರರಿಗೂ ಊಟದಷ್ಟೇ ಸಹಜವಾಗಿತ್ತು. ಗಲ್ಲದೊಳಗೆ ಹುಣ್ಣಾಯಿತು. ಅದು ಮಾಯಲಿಲ್ಲ, ಕ್ಯಾನ್ಸರ್ ಅಂದರು. ಆಪರೇಷನ್ ಆಯಿತು, ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿದೆವು. ಒಂದು ವರ್ಷ ಚೆನ್ನಾಗಿದ್ದ. ಆಮೇಲೆ ಕುತ್ತಿಗೆಯಲ್ಲಿ ಗಂಟು ಬಂತು. ಇನ್ನು ಆಪರೇಷನ್ ಆಗಲ್ಲ ಅಂತ ಹೇಳಿದರು.

ನೋವು ಶುರುವಾಗಿದ್ದು ದೀಪಾವಳಿ ಹೊತ್ತಿಗೆ. ಮೊದಲು ಪ್ಯಾರಾಸಿಟಮಾಲ್. ಆಮೇಲೆ ಒಬ್ಬ ಡಾಕ್ಟರು ಟ್ರಮಡಾಲ್ 50 ಮಿಲಿಗ್ರಾಂ ಬರೆದರು, ದಿನಕ್ಕೆ ಮೂರು. ಕಿವಿಯತನಕ ಉರಿಯುತ್ತದೆ ಅಂದಿದ್ದಕ್ಕೆ ಇನ್ನೊಬ್ಬರು ಅಮಿಟ್ರಿಪ್ಟಿಲಿನ್ ಬರೆದರು. ನರದ ಉರಿಗೆ ಕೊಡುವ ಮಾತ್ರೆ ಅದು, ಮನಸ್ಸಿನ ಕುಗ್ಗುವಿಕೆಗೂ ಕೊಡುತ್ತಾರೆ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಟ್ರಮಡಾಲ್ ಮೊದಲ ಹದಿನೈದು ದಿನ ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಸಾಲಲಿಲ್ಲ. ನಾನು ಶಾಲೆಗೆ ಹೋದಾಗ ಅಪ್ಪ ಓಣಿಯ ಹುಡುಗನ ಕೈಯಲ್ಲಿ ಖಾಲಿ ಪಟ್ಟಿ ಕಳಿಸಿ ಮೆಡಿಕಲ್ ಅಂಗಡಿಯಿಂದ ತರಿಸಿಕೊಳ್ಳುತ್ತಿದ್ದ. ಚೀಟಿ ಕೇಳಲಿಲ್ಲ, ಕೊಟ್ಟರು. ಯಾವ ಅಂಗಡಿ ಅನ್ನೋದು ಇಲ್ಲಿ ಬೇಡ. ಈ ಮಾತ್ರೆಯನ್ನು 2018ರ ಏಪ್ರಿಲ್‌ನಲ್ಲೇ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ತಂದಿದ್ದಾರೆ. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಒಂದು ಸಂಜೆ ಚಹಾ ಕುಡಿಯುತ್ತಾ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಕೈಕಾಲು ಸೆಟೆದವು, ಬಾಯಲ್ಲಿ ನೊರೆ. ಫಿಟ್ಸ್. ಜನ್ಮದಲ್ಲಿ ಒಮ್ಮೆಯೂ ಫಿಟ್ಸ್ ಬಂದವನಲ್ಲ. ಕ್ಯಾನ್ಸರ್ ತಲೆಗೆ ಏರಿತು ಅಂತಲೇ ನಾವೆಲ್ಲ ಅಳತೊಡಗಿದೆವು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಹಾಸಿಗೆ ಕೆಳಗಿದ್ದ ಪಟ್ಟಿಗಳನ್ನು ತರಿಸಿ ಎಣಿಸಿದರು. ದಿನಕ್ಕೆ ಹತ್ತು ಮಾತ್ರೆ ಹೋಗಿತ್ತು. ಅಂದರೆ 500 ಮಿಲಿಗ್ರಾಂ. ದೊಡ್ಡವರಿಗೆ ಸಹ ದಿನಕ್ಕೆ 400 ಮಿಲಿಗ್ರಾಂ ದಾಟಬಾರದು. ಟ್ರಮಡಾಲ್ ನೋವಿನ ದಾರಿ ತಡೆಯುವುದರ ಜೊತೆಗೆ ಮೆದುಳಿನ ಬೇರೆ ರಾಸಾಯನಿಕಗಳ ಮೇಲೂ ಕೆಲಸ ಮಾಡುತ್ತದೆ. ಜಾಸ್ತಿಯಾದರೆ ಫಿಟ್ಸ್ ತರಬಹುದು. ಅಮಿಟ್ರಿಪ್ಟಿಲಿನ್ ಥರದ್ದು ಜೊತೆಗಿದ್ದರೆ ಆ ಅಪಾಯ ಇನ್ನೂ ಹೆಚ್ಚು. ಎರಡೂ ಚೀಟಿ ನನ್ನ ಪರ್ಸಿನಲ್ಲೇ ಇದ್ದವು.

ಅಪ್ಪನನ್ನು ಬೈಯಲು ಬಾಯಿ ಬರಲಿಲ್ಲ. "ನೋವು ತಡಿಲಾಕ ಆಗಲ್ದಕ್ಕ ತಗೊಂಡೀನಿ ಅವ್ವಾ" ಅಂದ. ಅಷ್ಟೇ. ಅವನು ಮೋಜಿಗೆ ತಿಂದಿರಲಿಲ್ಲ.

ಆ ಡ್ಯೂಟಿ ಡಾಕ್ಟರೇ ಕಲಬುರಗಿಯ ಒಂದು ಆಸ್ಪತ್ರೆಯ ಪ್ಯಾಲಿಯೇಟಿವ್ ವಿಭಾಗಕ್ಕೆ, ಅಂದರೆ ದೊಡ್ಡ ರೋಗದವರ ನೋವು, ನರಳಾಟ ತಗ್ಗಿಸುವ ವಿಭಾಗಕ್ಕೆ, ಚೀಟಿ ಬರೆದುಕೊಟ್ಟಿದ್ದು. ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಬೆಳಿಗ್ಗೆ ಬಸ್ಸಿಗೆ ಹೊರಟೆವು. ಅಪ್ಪ, ನಾನು, ಅತ್ತೆ. ಅತ್ತೆ ಅಂದರೆ ಅಪ್ಪನ ಅಕ್ಕ. ಅವ್ವ ತೀರಿದ ಮೇಲೆ ನಮ್ಮ ಜೊತೆಯೇ ಇದ್ದಾಳೆ. ಬಸ್ಸು ಪ್ರತಿ ಗುಂಡಿಗೆ ಕುಲುಕಿದಾಗಲೂ ಅಪ್ಪ ದವಡೆ ಹಿಡಿದುಕೊಳ್ಳುತ್ತಿದ್ದ. ಅಲ್ಲಿಗೆ ಹೋಗಿ ಹೇಳಿದ ಮಾತೇ ಹದಿನಾರಾಣೆ.

ಮೇಡಂ ಬಹಳ ಹೊತ್ತು ಕೊಟ್ಟರು. ನೋವು ಎಲ್ಲಿ, ಹೇಗೆ, ರಾತ್ರಿ ಎಷ್ಟು ಸಲ ಎದ್ದೇಳುತ್ತಾರೆ, ಏನು ನುಂಗಲು ಬರುತ್ತದೆ, ಎಲ್ಲ ಕೇಳಿದರು. ಕಿಡ್ನಿ ಪರೀಕ್ಷೆಗೆ ರಕ್ತ ತೆಗೆಸಿದರು. ನಂತರ, "ಮಾರ್ಫಿನ್ ಶುರು ಮಾಡೋಣ" ಅಂದರು.

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟಳು. "ಅಂದ್ರ ಅಫೀಮು ಏನ್ರಿ? ನಮ್ಮ ತಮ್ಮಗ ಚಟ ಹಚ್ಚಬ್ಯಾಡ್ರಿ ಮೇಡಂ. ಸಾಯೋರಿಗಿ ಕೊಡೋ ಔಷಧ ಅದು."

ನನ್ನ ಎದೆಯಲ್ಲೂ ಅದೇ ಇತ್ತು. ಅವಳು ಬಾಯಿಬಿಟ್ಟು ಕೇಳಿದಳು, ನಾನು ಕೇಳಲಿಲ್ಲ, ಅಷ್ಟೇ ವ್ಯತ್ಯಾಸ. ಮೇಡಂ ಸಿಟ್ಟಾಗಲಿಲ್ಲ. ಹೌದು, ಇದು ಅಫೀಮಿನಿಂದಲೇ ಬರುತ್ತದೆ ಅಂದರು. ಮನೆಯಲ್ಲಿ ಪಾಯಸಕ್ಕೆ ಹಾಕುವ ಗಸಗಸೆಯ ಗಿಡವೇ. ಅದರ ಹಸಿ ಕಾಯಿ ಗೀರಿದರೆ ಬರುವ ಹಾಲು ಅಫೀಮು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ರೈತರು ಬೆಳೆಯುತ್ತಾರೆ. ಟ್ರಮಡಾಲ್, ಟ್ಯಾಪೆಂಟಡಾಲ್, ಕೆಮ್ಮಿನ ಸಿರಪ್‌ನಲ್ಲಿರುವ ಕೊಡೀನ್, ಆಪರೇಷನ್ ಆದವರಿಗೆ ಕೊಡುವ ಪೆಂಟಜೋಸಿನ್ ಇಂಜೆಕ್ಷನ್, ಎಲ್ಲ ಈ ಒಂದೇ ಕುಟುಂಬದ ಔಷಧಗಳು. ಕೆಲವು ಗಿಡದಿಂದ ಬಂದವು, ಕೆಲವು ಕಾರ್ಖಾನೆಯಲ್ಲೇ ಹುಟ್ಟಿದವು. ಮೆದುಳು, ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಹೋಗುವ ದಾರಿಯಲ್ಲಿ ಕೂತು ಅದನ್ನು ತಗ್ಗಿಸುತ್ತವೆ. "ನಿಮ್ಮ ತಮ್ಮ ಈಗಾಗಲೇ ದಿನಾ ಹತ್ತು ತಿಂದಾರಲ್ರೀ ಅಮ್ಮ, ಅದೂ ಇದೇ ಜಾತಿದು" ಅಂದಾಗ ಅತ್ತೆ ಕೂತಳು.

ಅಪ್ಪ ಕೇಳಿದ್ದು ಬೇರೆ. "ಅಂದ್ರ ನಾ ಸಾಯ್ಲತ್ತೀನಿ ಅಂತಾ ಏನ್ರಿ?" ಕೋಣೆ ನಿಶ್ಶಬ್ದ ಆಯಿತು. ಮೇಡಂ ಅವನ ಕೈ ಹಿಡಿದುಕೊಂಡು ಹೇಳಿದರು. ರೋಗ ಬೆಳೆದಿದೆ, ಅದನ್ನು ಸುಳ್ಳು ಹೇಳಲ್ಲ. ಆದರೆ ಈ ಮಾತ್ರೆ ಸಾವಿನ ಮುಂಚಿನ ದಿನ ಕೊಡುವಂಥದ್ದಲ್ಲ, ನೋವು ಇದ್ದಷ್ಟು ದಿನ ಕೊಡುವಂಥದ್ದು. ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಪ್ಯಾರಾಸಿಟಮಾಲ್ ಕೆಳಗಿನ ಮೆಟ್ಟಿಲು, ಟ್ರಮಡಾಲ್ ನಡುವಿನದು, ಮಾರ್ಫಿನ್ ಮೇಲಿನದು. ನಡುವಿನ ಮೆಟ್ಟಿಲಿಗೆ ಒಂದು ಮಿತಿ ಇದೆ, ಅಲ್ಲಿಂದ ಮೇಲೆ ಎಷ್ಟು ತಿಂದರೂ ನೋವು ಇಳಿಯಲ್ಲ, ತೊಂದರೆ ಮಾತ್ರ ಜಾಸ್ತಿ. ಟ್ರಮಡಾಲ್ ಅವತ್ತೇ ನಿಲ್ಲಿಸಿದರು. ಪ್ಯಾರಾಸಿಟಮಾಲ್ ಹಾಗೇ ಮುಂದುವರಿಯಿತು.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಫೋನಿನಲ್ಲಿ ಬೇಡವೇ ಬೇಡ ಅಂತ ಹಟ ಹಿಡಿದ. ಅಮೆರಿಕದಲ್ಲಿ ಈ ಮಾತ್ರೆಗಳಿಂದ ಲಕ್ಷಗಟ್ಟಲೆ ಜನ ಸತ್ತಿದ್ದಾರೆ ಅಂದ. ಅದು ಸುಳ್ಳಲ್ಲ. ಅಲ್ಲಿ ಸಾಮಾನ್ಯ ಬೆನ್ನುನೋವಿಗೂ ತಿಂಗಳುಗಟ್ಟಲೆ ಬರೆದುಕೊಟ್ಟರು, ಕಂಪನಿಗಳು ಚಟ ಹತ್ತುವುದು ಕಡಿಮೆ ಅಂತ ನಂಬಿಸಿದವು. ನಮ್ಮ ದೇಶದ ಕಥೆ ಬೇರೆ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಅದೇ ಮಾದಕ ವಸ್ತುಗಳ ಕಾಯ್ದೆ, ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಲೈಸೆನ್ಸ್ ಬೇಕಾಯಿತು. ತಪ್ಪಾದರೆ ಜೈಲು. ಆಸ್ಪತ್ರೆಗಳು ಸುಮ್ನೆ ಕೈಬಿಟ್ಟವು. ಕ್ಯಾನ್ಸರ್ ರೋಗಿಗಳು ಕೂಗಿಕೊಂಡೇ ಸತ್ತರು. 2014ರಲ್ಲಿ ಕಾಯ್ದೆ ತಿದ್ದಿ ಮಾರ್ಫಿನ್, ಅದೇ ಕುಟುಂಬದ ಫೆಂಟನಿಲ್ ಸೇರಿ ಕೆಲವನ್ನು ಅತ್ಯಗತ್ಯ ಔಷಧ ಅಂತ ಬೇರೆ ಮಾಡಿದರು. ಈಗ ಮಾನ್ಯತೆ ಪಡೆದ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಒಪ್ಪಿಗೆ ಸಾಕು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮುಖ್ಯರು. ಕಾಯ್ದೆ ತಿದ್ದಿದರೂ ಜಿಲ್ಲೆಗಳ ಮನಸ್ಸು ತಿದ್ದಲು ಇನ್ನೂ ಕೆಲಸ ಇದೆ ಅಂತ ನನಗೆ ಅನಿಸುತ್ತದೆ. ಅಪ್ಪ ಮೂರು ತಿಂಗಳು ನರಳಿದ ಮೇಲಷ್ಟೇ ನಮಗೆ ಈ ವಿಭಾಗದ ಹೆಸರು ಗೊತ್ತಾಗಿದ್ದು.

ಕಾಗದಪತ್ರ ಹೆಚ್ಚೇನಿರಲಿಲ್ಲ. ಬಯಾಪ್ಸಿ ರಿಪೋರ್ಟಿನ ನಕಲು, ಇಬ್ಬರ ಆಧಾರ್, ಒಂದು ಸಹಿ. ಸಿಸ್ಟರ್ ಮಾತ್ರೆ ಎಣಿಸಿ ರಿಜಿಸ್ಟರಿನಲ್ಲಿ ಬರೆದು ಕೊಟ್ಟರು. ಪಟ್ಟಿಯ ಮೇಲೆ ಕೆಂಪಕ್ಷರದಲ್ಲಿ, ಮಾದಕ ಔಷಧದ ಗುರುತಾಗಿ, ಎನ್‌ಆರ್‌ಎಕ್ಸ್ ಅಂತ ಇತ್ತು. ಖಾಲಿ ಪಟ್ಟಿ ವಾಪಸ್ ತರಬೇಕು, ಅದಿಲ್ಲದೆ ಹೊಸದು ಇಲ್ಲ.

ನಮಗೆ ಹೇಳಿಕೊಟ್ಟ ಕ್ರಮ ಹೀಗಿತ್ತು. ಮಾರ್ಫಿನ್ 10 ಮಿಲಿಗ್ರಾಂ ಮಾತ್ರೆ. ಮೊದಲ ಮೂರು ದಿನ ಅರ್ಧ ಅರ್ಧ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ ಹತ್ತರದ್ದು ಎರಡರಷ್ಟು, ಯಾಕಂದರೆ ನಡುರಾತ್ರಿ ಎಬ್ಬಿಸಬಾರದು. ಇದರ ಪರಿಣಾಮ ನಾಲ್ಕು ಗಂಟೆ ಇರುತ್ತದೆ. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ನಡುವೆ ತಡೆಯಲಾರದಷ್ಟು ಬಂದರೆ ಒಂದು ಹೆಚ್ಚಿನ ಡೋಸ್ ಕೊಟ್ಟು ಬರೆದಿಡಬೇಕು. ಅಪ್ಪನಿಗೆ ಮಾತ್ರೆ ನುಂಗಲು ಕಷ್ಟ ಆಗುತ್ತಿತ್ತು. ಈ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಬಹುದು ಅಂದರು. ಆದರೆ ಹನ್ನೆರಡು ಗಂಟೆ ನಿಧಾನಕ್ಕೆ ಕರಗುವ ಇನ್ನೊಂದು ಬಗೆ ಇದೆ, ಅದನ್ನು ಯಾವತ್ತೂ ಪುಡಿ ಮಾಡಬಾರದು. ಅರ್ಧ ದಿನದ ಔಷಧ ಒಂದೇ ಸಲಕ್ಕೆ ಮೈಗೆ ಸೇರಿಬಿಡುತ್ತದೆ.

ಮೊದಲ ರಾತ್ರಿ ಹತ್ತಕ್ಕೆ ಕೊಟ್ಟು ಪಕ್ಕದಲ್ಲೇ ಕೂತೆ. ಹನ್ನೊಂದಕ್ಕೆ ಗೊರಕೆ ಶುರುವಾಯಿತು. ಎಷ್ಟೋ ತಿಂಗಳ ಮೇಲೆ ಕೇಳಿದ ಗೊರಕೆ. ಅತ್ತೆ ಎರಡು ಸಲ ಎದ್ದು ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡಿದಳು. ಬೆಳಿಗ್ಗೆ ಅಪ್ಪ ಎದ್ದು ಫರಸಿ ಮೇಲೆ ಕಾಲು ಚಾಚಿ ಕೂತು, "ಎಂಟಾಣೆ" ಅಂದ. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಮೊದಲ ವಾರ ಸುಲಭ ಇರಲಿಲ್ಲ. ಎರಡು ದಿನ ವಾಂತಿ. ಅದಕ್ಕೆ ಮೊದಲೇ ಮಾತ್ರೆ ಕೊಟ್ಟಿದ್ದರು, ನಾಲ್ಕನೇ ದಿನಕ್ಕೆ ನಿಂತಿತು. ಹಗಲು ತೂಕಡಿಕೆ ಇತ್ತು, ಅದೂ ವಾರದೊಳಗೆ ಇಳಿಯಿತು. ಇಳಿಯದೇ ಉಳಿದದ್ದು ಒಂದೇ, ಮಲಬದ್ಧತೆ. ಸಿಸ್ಟರ್ ಮೊದಲ ದಿನವೇ ಎಚ್ಚರಿಸಿದ್ದರು. ಬೇರೆ ತೊಂದರೆಗೆ ಮೈ ಒಗ್ಗುತ್ತದೆ, ಕರುಳು ಒಗ್ಗಲ್ಲ. ಮಾರ್ಫಿನ್ ಇರುವಷ್ಟು ದಿನ ಮಲ ಸಡಿಲ ಮಾಡುವ ಮಾತ್ರೆಯೂ ಇರಬೇಕು. ಕೊಟ್ಟಿದ್ದ ಬಿಸಾಕೊಡಿಲ್ ಅನ್ನು ಅಪ್ಪ ನಾಚಿಕೆಯಿಂದ ದಿಂಬಿನ ಕೆಳಗೆ ಇಟ್ಟುಬಿಡುತ್ತಿದ್ದ. ಮಗಳಿಗೆ ಸಂಡಾಸದ ವಿಷಯ ಹೇಳುವುದು ಹೇಗೆ? ಆರು ದಿನ ಆಗಿರಲಿಲ್ಲ. ಹೊಟ್ಟೆ ಉಬ್ಬಿ, ಆ ನೋವೇ ದವಡೆ ನೋವಿಗಿಂತ ದೊಡ್ಡದಾಯಿತು. ಎನಿಮಾ ಕೊಡಿಸಬೇಕಾಯಿತು. ಆಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕನೇ ಕಾಲಂ ಎಳೆದೆ. ಅದನ್ನು ಅತ್ತೆ ಕೇಳಿ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಮನೆಯಲ್ಲಿ ಯಾರಿಗಾದರೂ ಈ ಔಷಧ ಶುರು ಆದರೆ ಈ ಕಾಲಂ ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ದಯವಿಟ್ಟು.

ಫೆಬ್ರುವರಿಯಲ್ಲಿ ಒಂದು ಪೂರ್ತಿ ಮಾತ್ರೆಗೆ ಬಂದೆವು. ದಿನಕ್ಕೆ ಆರು, 60 ಮಿಲಿಗ್ರಾಂ. ಆಣೆ ನಾಲ್ಕಕ್ಕೆ ಇಳಿದಿತ್ತು. ಅಪ್ಪ ನುಚ್ಚು ಮಜ್ಜಿಗೆ ಉಣ್ಣುತ್ತಿದ್ದ, ಕಟ್ಟೆ ಮೇಲೆ ಕೂತು ಗಣಿಯ ಹಳೇ ಗೆಳೆಯರ ಜೊತೆ ಮಾತಾಡುತ್ತಿದ್ದ. ಒಂದು ದಿನ ಶರಣಬಸವೇಶ್ವರ ಗುಡಿಗೆ ಕರೆದುಕೊಂಡು ಹೋಗು ಅಂದ. ಆಸ್ಪತ್ರೆ ಮುಗಿಸಿ ಆಟೊದಲ್ಲಿ ಹೋದೆವು. ಗುಡಿಯ ಮುಂದೆ ಅರ್ಧ ಗಂಟೆ ಕೂತ. ಮಾತ್ರೆ ತಿಂದು ಮಂಪರಿನಲ್ಲಿ ಬಿದ್ದಿರುತ್ತಾನೆ ಅಂತ ನಾನು ಅಂದುಕೊಂಡಿದ್ದೆ. ಅವನು ಕೆರೆಯ ನೀರು ಈ ವರ್ಷ ಎಷ್ಟು ಇಳಿದಿದೆ ಅಂತ ನನಗೆ ತೋರಿಸುತ್ತಿದ್ದ.

ಆಗಲೇ ಒಂದು ತಪ್ಪು ನನ್ನಿಂದ ಆಯಿತು. ಹದಿನಾಲ್ಕು ದಿನಕ್ಕೆ 84 ಮಾತ್ರೆ, ಮೇಲೆ ಹೆಚ್ಚಿನ ಡೋಸಿಗೆ 16, ಒಟ್ಟು ನೂರು ಕೊಟ್ಟಿದ್ದರು. ಆ ವಾರ ಗಂಟು ಬೆಳೆದು ಹೆಚ್ಚಿನ ಡೋಸ್ ತುಂಬಾ ಬೇಕಾಯಿತು. ನಾನು ಬರೆದೆ, ಕೂಡಿಸಲಿಲ್ಲ. ಶನಿವಾರ ರಾತ್ರಿ ಹತ್ತಕ್ಕೆ ಕೊಟ್ಟಾಗ ಪಟ್ಟಿ ಖಾಲಿ. ಸೋಮವಾರ ಹೋದರಾಯಿತು, ಒಂದು ದಿನ ತಾನೇ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಅಪ್ಪ ಒಂದೇ ಸಮ ಆಕಳಿಸತೊಡಗಿದ. ಕಣ್ಣಲ್ಲಿ ಮೂಗಲ್ಲಿ ನೀರು. ಸೆಕೆಯಲ್ಲೂ ಮೈಮೇಲೆ ಮುಳ್ಳು ಎದ್ದಿತ್ತು. ಹೊಟ್ಟೆ ಹಿಡಿದುಕೊಂಡು ಮೂರು ಸಲ ಬಚ್ಚಲಿಗೆ ಹೋದ. ನೋವು ಮತ್ತೆ ಹನ್ನೆರಡಾಣೆ. ಅತ್ತೆ ನನ್ನನ್ನೇ ನೋಡಿದಳು. "ನಾ ಹೇಳಿರ್ಲಿಲ್ಲಾ? ಚಟ ಹತ್ಯಾದ ನೋಡು." ನನಗೂ ಹಾಗೇ ಅನಿಸಿತು. ಸಿಸ್ಟರಿಗೆ ಫೋನ್ ಮಾಡಿದೆ. ಈಗಲೇ ಕರೆತನ್ನಿ, ಭಾನುವಾರ ಆದರೂ ಡ್ಯೂಟಿ ಡಾಕ್ಟರು ಇದ್ದಾರೆ ಅಂದರು. ಡೋಸ್ ಕೊಟ್ಟು ಒಂದು ಗಂಟೆಯಲ್ಲಿ ಎಲ್ಲ ಶಾಂತ ಆಯಿತು.

ಮಾರನೆಯ ದಿನ ಮೇಡಂ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಒಂದೆರಡು ವಾರ ದಿನಾ ತಗೊಂಡರೆ ಯಾರ ಮೈಯಾದರೂ ಒಗ್ಗುತ್ತದೆ. ಥಟ್ಟನೆ ನಿಲ್ಲಿಸಿದರೆ ಹೀಗೆ ಆಗುತ್ತದೆ. ಅದಕ್ಕೇ ನಿಲ್ಲಿಸಬೇಕಾದಾಗ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸುತ್ತಾರೆ. ಕಾಲ ಕಳೆದಂತೆ ಅದೇ ಡೋಸು ಸಾಲದೆ ಬರುವುದೂ ಮೈಯ ಸ್ವಭಾವ. ಚಟ ಅನ್ನುವುದು ಬೇರೆ. ನೋವಿಲ್ಲದಿದ್ದರೂ ಬೇಕು ಅನಿಸುವುದು, ಹಾಳಾಗುತ್ತಿದ್ದರೂ ಬಿಡಲಾಗದಿರುವುದು, ಅದಕ್ಕಾಗಿ ಸುಳ್ಳು ಹೇಳುವುದು, ಎಲ್ಲ ಬಿಟ್ಟು ಅದರ ಹಿಂದೆಯೇ ಬೀಳುವುದು. ಕ್ಯಾನ್ಸರ್ ನೋವಿಗೆ ಸರಿಯಾಗಿ ಕೊಟ್ಟಾಗ ಅದು ಅಪರೂಪ. ಆಗುವುದೇ ಇಲ್ಲ ಅಂತಲ್ಲ, ಅದಕ್ಕೇ ಎಣಿಸಿ ಕೊಡುವುದು. "ನಿಮ್ಮ ತಮ್ಮ ನಿನ್ನೆ ಕೇಳಿದ್ದು ನಶೆ ಅಲ್ರಿ ಅಮ್ಮ" ಅಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮೇಲೆ ಹತ್ತು ಗಂಟೆ ಡೋಸನ್ನು ನೆನಪಿಸುವವಳು ಅವಳೇ ಆದಳು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅಪ್ಪನಿಗೆ ನಿದ್ದೆ ಬರುವುದು ನೋಡಿ ಪಕ್ಕದ ಮನೆಯ ಕಾಕಿ ಒಂದು ದಿನ ಬಂದು, "ನನ್ನ ಮೊಣಕಾಲು ಬಾಳ ನೋಯ್ಲತ್ತಾವ, ಒಂದು ಗುಳಿಗಿ ಕೊಡವ್ವಾ" ಅಂತ ಕೇಳಿದಳು. ಚಿಕ್ಕಂದಿನಿಂದ ಎತ್ತಿ ಆಡಿಸಿದವಳು. ಕೊಡಲ್ಲ ಅನ್ನಲು ಬಹಳ ಕಷ್ಟ ಆಯಿತು. ಅವಳು ರಾತ್ರಿ ನಿದ್ದೆ ಮಾತ್ರೆ ತಗೊಳ್ಳುತ್ತಾಳೆ ಅಂತ ನನಗೆ ಗೊತ್ತಿತ್ತು. ಮಾರ್ಫಿನ್ ಉಸಿರನ್ನು ನಿಧಾನ ಮಾಡುತ್ತದೆ. ನಿದ್ದೆ ಮಾತ್ರೆ ಅಥವಾ ಸಾರಾಯಿ ಜೊತೆ ಸೇರಿದರೆ ಉಸಿರು ನಿಂತೇ ಹೋಗಬಹುದು. ಅಪ್ಪನ ಮೈ ವಾರಗಳ ಮೇಲೆ ಸ್ವಲ್ಪ ಸ್ವಲ್ಪವೇ ಒಗ್ಗಿದ್ದು. ಒಗ್ಗದವರಿಗೆ, ಮಕ್ಕಳಿಗಂತೂ, ಅದೇ ಮಾತ್ರೆ ವಿಷ. ಅದನ್ನೆಲ್ಲ ಕಾಕಿಗೆ ಹೇಳಿದೆ. ಮುನಿಸಿಕೊಂಡು ಹೋದಳು. ಮಾತ್ರೆಗಳನ್ನು ಅವ್ವನ ಹಳೇ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ತಾಳಿ ಸರಕ್ಕೆ ಕಟ್ಟಿಕೊಂಡೆ.

ಏಪ್ರಿಲ್ ಕೊನೆಗೆ ನೀರೂ ಇಳಿಯದಂತಾಯಿತು. ಆಗ ಮೇಡಂ ಫೆಂಟನಿಲ್ ಪಟ್ಟಿಗೆ ಬದಲಾಯಿಸಿದರು. ಅಂಟಿಸುವ ಪ್ಲಾಸ್ಟರ್ ಥರದ್ದು, ಗಂಟೆಗೆ 25 ಮೈಕ್ರೋಗ್ರಾಂ ಚರ್ಮದ ಮೂಲಕ ಒಳಗೆ ಬಿಡುತ್ತದೆ. ಮೂರು ದಿನಕ್ಕೊಮ್ಮೆ, ಅಂದರೆ 72 ಗಂಟೆಗೆ ಬದಲಿಸಬೇಕು. ಕೂದಲಿಲ್ಲದ, ಒಣಗಿದ ಜಾಗ ಆಗಬೇಕು. ಅಂಟಿಸಿದ ತಕ್ಷಣ ಕೆಲಸ ಶುರುವಾಗಲ್ಲ, ಹಾಗಾಗಿ ಮೊದಲ ಹನ್ನೆರಡು ಗಂಟೆ ಮಾರ್ಫಿನ್ ನೀರನ್ನೂ ಮೂಗಿನ ಕೊಳವೆಯಲ್ಲಿ ಹಾಕಿದೆವು. ಹೆಚ್ಚಿನ ಡೋಸಿಗಂತ ಮಾತ್ರೆಗಳೂ ಟ್ರಂಕಿನಲ್ಲಿ ಉಳಿದವು. ತೆಗೆದ ಪಟ್ಟಿಯಲ್ಲೂ ಔಷಧ ಉಳಿದಿರುತ್ತದೆ, ಅಂಟು ಒಳಗೆ ಬರುವಂತೆ ಮಡಚಿ ಡಬ್ಬಿಯಲ್ಲಿಟ್ಟು ಆಸ್ಪತ್ರೆಗೇ ಒಪ್ಪಿಸಬೇಕು. ಮಾರ್ಫಿನ್‌ಗೆ ಹೋಲಿಸಿದರೆ ಬೆಲೆ ಬಹಳ. ಮತ್ತು ಒಂದು ಎಚ್ಚರಿಕೆ, ಪಟ್ಟಿಗೆ ಬಿಸಿ ತಾಗಬಾರದು.

ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿ ತಾಗದಂತೆ ಇರುವುದು ಹೇಗೆ? ಬಿಸಿಲು 42, 43 ಡಿಗ್ರಿ. ಮನೆಯ ಮಾಳಿಗೆಗೂ ಶಹಾಬಾದ್ ಕಲ್ಲೇ ಹಾಸಿದ್ದು, ಮಧ್ಯಾಹ್ನ ಒಲೆಯ ಹಾಗೆ ಕಾಯುತ್ತದೆ. ಅಪ್ಪನ ಹಾಸಿಗೆಯನ್ನು ನೆಲದ ಫರಸಿಗೆ ಇಳಿಸಿ, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದೆವು. ಇಷ್ಟೆಲ್ಲ ಮಾಡಿಯೂ ತಪ್ಪಿದ್ದು ಬೇರೆ ಕಡೆ.

ನಾನು ಬ್ಯಾಂಕಿಗೆ ಹೋಗಿದ್ದೆ. ಅಪ್ಪ ಭುಜ ಹಿಡಿದಿದೆ ಅಂದನಂತೆ. ಅತ್ತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಮಾಡುವ ಹಾಗೆ ಇಟ್ಟಂಗಿ ಕಾಯಿಸಿ, ಬಟ್ಟೆ ಸುತ್ತಿ ಕಾವು ಕೊಟ್ಟಿದ್ದಾಳೆ. ಪಟ್ಟಿ ಇದ್ದದ್ದು ಎದೆಯ ಮೇಲೆ, ಅದೇ ಪಕ್ಕಕ್ಕೆ. ನಾನು ಬಂದಾಗ ಮೂರು ಗಂಟೆ. "ಆರಾಮ ಮಲಗ್ಯಾನ" ಅಂದಳು. ಕೂಗಿದೆ, ಏಳಲಿಲ್ಲ. ಭುಜ ಅಲ್ಲಾಡಿಸಿದೆ, ಕಣ್ಣು ಅರ್ಧ ತೆರೆದು ಮುಚ್ಚಿದ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ತುಟಿಗೆ ನೀಲಿ ಬಣ್ಣ. ಮೊಬೈಲಿನಲ್ಲಿ ಗಂಟೆ ಹಿಡಿದು ಉಸಿರು ಎಣಿಸಿದೆ. ನಿಮಿಷಕ್ಕೆ ಏಳು. ಸಿಸ್ಟರ್ ಕಾಗದದಲ್ಲಿ ಬರೆದುಕೊಟ್ಟ ಲಕ್ಷಣ ಒಂದೊಂದಾಗಿ ಎದುರಿಗೆ ನಿಂತಿದ್ದವು.

ಒಂದು ಕೈಯಲ್ಲಿ ಪಟ್ಟಿ ಕಿತ್ತೆ, ಇನ್ನೊಂದರಲ್ಲಿ 108ಕ್ಕೆ ಫೋನ್. ದಾರಿಯುದ್ದಕ್ಕೂ ತಲೆ ಎತ್ತಿ ಹಿಡಿದು, "ಅಪ್ಪಾ, ಉಸಿರು ತಗೋ" ಅಂತ ಹೇಳುತ್ತಲೇ ಇದ್ದೆ. ಹೇಳಿದಾಗ ತಗೊಳ್ಳುತ್ತಿದ್ದ, ಬಿಟ್ಟರೆ ಮರೆಯುತ್ತಿದ್ದ. ಆಸ್ಪತ್ರೆಯಲ್ಲಿ ಈ ಔಷಧಗಳ ಪರಿಣಾಮ ತೆಗೆಯುವ ನಲಾಕ್ಸೋನ್ ಅನ್ನು ತೆಳ್ಳಗೆ ಮಾಡಿ ಸ್ವಲ್ಪ ಸ್ವಲ್ಪವೇ ಕೊಟ್ಟರು. ಇಡೀ ಡೋಸ್ ಒಮ್ಮೆಗೇ ಕೊಟ್ಟರೆ ಉಸಿರಿನ ಜೊತೆ ನೋವೂ ಪೂರ್ತಿ ವಾಪಸ್ ಬರುತ್ತದೆ. ಉಸಿರು ಹನ್ನೆರಡಕ್ಕೆ ಬಂತು. ಆದರೂ ಮಾರನೆಯ ದಿನದ ತನಕ ಬಿಡಲಿಲ್ಲ. ಪಟ್ಟಿ ತೆಗೆದರೂ ಚರ್ಮದ ಕೆಳಗೆ ಸೇರಿಕೊಂಡ ಔಷಧ ಗಂಟೆಗಟ್ಟಲೆ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ, ನಲಾಕ್ಸೋನ್ ಪರಿಣಾಮ ಅದಕ್ಕಿಂತ ಬೇಗ ಮುಗಿಯುತ್ತದೆ.

ಅತ್ತೆ ಎರಡು ದಿನ ಊಟ ಮಾಡಲಿಲ್ಲ. ತಪ್ಪು ಅವಳದ್ದಲ್ಲ. ಬಿಸಿ ತಾಗಬಾರದು ಅಂತ ನನಗೆ ಹೇಳಿದ್ದರು, ನಾನು ಅವಳಿಗೆ ಹೇಳಿರಲಿಲ್ಲ. ಬಿಸಿಲು ಅಂದುಕೊಂಡಿದ್ದೆ, ಇಟ್ಟಂಗಿ ನೆನಪಾಗಿರಲಿಲ್ಲ. ಆಮೇಲೆ ಗೋಡೆಗೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದೆ. ಅತ್ತೆಗೆ ಓದಲು ಬರಲ್ಲ, ಹಾಗಾಗಿ ಇಟ್ಟಂಗಿ ಚಿತ್ರ ಬರೆದು ಅಡ್ಡಗೆರೆ ಎಳೆದೆ. ಅಪ್ಪನಿಗೆ ಪಟ್ಟಿ ಮತ್ತೆ ಶುರುವಾಯಿತು, ಈ ಸಲ ಕಾವು ತಾಗದ ತೋಳಿಗೆ.

ಅವನು ಜೂನ್ ಮೊದಲ ವಾರ, ಮಳೆಯ ವಾಸನೆ ಬಂದ ಒಂದು ಬೆಳಿಗ್ಗೆ ಹೋದ. ಮನೆಯಲ್ಲೇ. ಹಿಂದಿನ ರಾತ್ರಿ ಕೇಳಿದ್ದೆ, ಎಷ್ಟಪ್ಪ ಅಂತ. ಮಾತು ಬರುತ್ತಿರಲಿಲ್ಲ, ಎರಡು ಬೆರಳು ತೋರಿಸಿದ.

ಹದಿನೈದು ದಿನ ಕಳೆದು ಟ್ರಂಕ್ ತೆಗೆದೆ. 37 ಮಾತ್ರೆ, ಮೂರು ಹೊಸ ಪಟ್ಟಿ ಉಳಿದಿದ್ದವು. ಕಸಕ್ಕೆ ಹಾಕಲು ಆಗಲ್ಲ, ಯಾರ ಕೈಗಾದರೂ ಸಿಗಬಹುದು. ಬಸ್ಸಿಗೆ ಹೋಗಿ ಸಿಸ್ಟರ್ ಮುಂದೆ ಇಟ್ಟೆ. ಅವರು ಎಣಿಸಿದರು, ಇನ್ನೊಬ್ಬರನ್ನು ಕರೆದು ಅವರಿಂದಲೂ ಎಣಿಸಿದರು, ರಿಜಿಸ್ಟರಿನಲ್ಲಿ ಅಪ್ಪನ ಹೆಸರಿನ ಮುಂದೆ ಬರೆದರು. ನಾನು ಸಹಿ ಹಾಕಿದೆ. ಮೇಡಂ ನೋಟ್‌ಬುಕ್ ತಿರುವಿ ನೋಡಿ, ಹೊಸದಾಗಿ ಬಂದವರಿಗೆ ತೋರಿಸಲು ಕೆಲವು ಪುಟ ಕೊಡುತ್ತೀರಾ ಅಂತ ಕೇಳಿದರು. ಪುಸ್ತಕ ಕೊಡಲು ಮನಸ್ಸಾಗಲಿಲ್ಲ. ಆಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ಪುಟ ಮಗುಚುತ್ತಾ, "ಇದೇನ್ರಿ ಮೇಡಂ, ಈಗಿನ ಕಾಲದಾಗ ಆಣಿ ಲೆಕ್ಕ?" ಅಂದ.

ನಮ್ಮಪ್ಪನದು ಅಂದೆ. ಅವನು ಇನ್ನೇನೂ ಕೇಳದೆ ಪುಟಗಳನ್ನು ಒಂದೊಂದಾಗಿ ನೀಟಾಗಿ ಇಟ್ಟು ತೆಗೆದುಕೊಟ್ಟ.